ದಿನದ ಸುಡೊಕು ಕೈಕೊಟ್ಟಾಗ ತಪ್ಪನ್ನು ಪತ್ತೆಹಚ್ಚುವ ಕ್ರಮ

ಸುಡೊಕು ಕೈಕೊಡುವುದು ಬಹುಮಟ್ಟಿಗೆ ಕೊನೆಯ ಹತ್ತು ಹನ್ನೆರಡು ಮನೆಗಳು ಉಳಿದಾಗ. ಡೊಂಬಿವಲಿಯಲ್ಲಿ ಮುಂಬಯಿಯ ಲೋಕಲ್ ರೈಲು ಹತ್ತಿ ಠಾಣೆ ಬರುವಷ್ಟರಲ್ಲಿ ಅರ್ಧ ತುಂಬಿರುತ್ತದೆ. ಘಾಟ್‌ಕೋಪರ್ ದಾಟುವಾಗ ಅಂಕಿಗಳು ತಾವಾಗಿಯೇ ಬಂದು ಕೂರುತ್ತಿರುತ್ತವೆ. ದಾದರ್‌ನಲ್ಲಿ ಇಳಿಯುವುದರೊಳಗೆ ಇನ್ನೇನು ಮುಗಿಯಿತು ಎನ್ನುವಾಗ ಒಂದೇ ಅಡ್ಡಸಾಲಿನಲ್ಲಿ ಎರಡು 6 ಎದುರಾಗುತ್ತವೆ, ಅಥವಾ ಖಾಲಿ ಉಳಿದ ಒಂದು ಮನೆಗೆ ಒಂಬತ್ತರಲ್ಲಿ ಯಾವ ಅಂಕಿಯೂ ಹೊಂದುವುದಿಲ್ಲ. ಆಗ ಹೆಚ್ಚಿನವರು ಮಾಡುವುದು ಎರಡರಲ್ಲಿ ಒಂದು. ಆ ಎರಡು 6ರಲ್ಲಿ ಒಂದನ್ನು ಅಳಿಸಿ ಅಲ್ಲಿ ಬೇರೇನನ್ನೋ ತುರುಕುತ್ತಾರೆ, ಇಲ್ಲವೇ ಎಲ್ಲವನ್ನೂ ಅಳಿಸಿ ಮೊದಲಿನಿಂದ ಶುರುಮಾಡುತ್ತಾರೆ. ಎರಡೂ ರೋಗ ತಿಳಿಯದೆ ಕೊಡುವ ಮದ್ದುಗಳೇ. ತಪ್ಪು ಕಣ್ಣಿಗೆ ಬಿದ್ದ ಮನೆಯೇ ತಪ್ಪು ನಡೆದ ಮನೆಯಾಗಿರುವುದು ಅಪರೂಪ. ನಡೆದದ್ದು ಹತ್ತಿಪ್ಪತ್ತು ಹೆಜ್ಜೆ ಹಿಂದೆ, ಅದೂ ಬೋರ್ಡಿನ ಇನ್ನೊಂದು ಮೂಲೆಯಲ್ಲಿ. ಆದ್ದರಿಂದ ಈ ಬರಹದಲ್ಲಿ ಸುಡೊಕು ಬಿಡಿಸುವುದು ಹೇಗೆ ಎಂಬುದಕ್ಕಿಂತ, ಬಿಡಿಸುತ್ತಾ ಹೋದದ್ದು ಎಲ್ಲಿ ದಾರಿ ತಪ್ಪಿತು ಎಂದು ಹಿಂದಕ್ಕೆ ನಡೆದು ಕಂಡುಹಿಡಿಯುವುದು ಹೇಗೆ ಎಂಬುದನ್ನೇ ಮುಖ್ಯವಾಗಿ ಹೇಳಿದ್ದೇನೆ.

ಮನೆ ಎಂದರೆ 81ರಲ್ಲಿ ಒಂದು. ಚೌಕ ಎಂದರೆ ಮೂರು ಸಾಲು, ಮೂರು ಕಂಬ ಸೇರಿದ ಒಂಬತ್ತು ಮನೆಗಳ ಗುಂಪು. ಪ್ರತಿ ಅಡ್ಡಸಾಲು, ಕಂಬಸಾಲು, ಚೌಕದಲ್ಲೂ 1ರಿಂದ 9ರವರೆಗಿನ ಅಂಕಿಗಳು ಒಂದೊಂದೇ ಸಲ ಬರಬೇಕು. ಅಡ್ಡಸಾಲುಗಳನ್ನು ಮೇಲಿನಿಂದಲೂ ಕಂಬಸಾಲುಗಳನ್ನು ಎಡದಿಂದಲೂ ಎಣಿಸಿದ್ದೇನೆ. ಒಂದು ಮನೆಯಲ್ಲಿ ಯಾವ ಯಾವ ಅಂಕಿ ಬರಬಹುದೆಂದು ಸಣ್ಣದಾಗಿ ಬರೆದುಕೊಳ್ಳುವುದನ್ನು ಪೆನ್ಸಿಲ್ ಗುರುತು ಎಂದಿದ್ದೇನೆ.

ಪಜಲ್ಲೇ ತಪ್ಪೆಂಬ ಅನುಮಾನ

ಪುಣೆಯ ಕೋಥ್ರೂಡ್‌ನಲ್ಲಿರುವ ನನ್ನ ಭಾವನವರಿಂದ ತಿಂಗಳಿಗೊಮ್ಮೆಯಾದರೂ ಒಂದು ಫೋನ್ ಬರುತ್ತದೆ. "ಇವತ್ತಿನದು ತಪ್ಪು ಪಜಲ್ ಮಾರಾಯ, ಎಷ್ಟು ತಿಣುಕಿದರೂ ಬರುವುದಿಲ್ಲ" ಎಂಬುದು ಅದರ ಸಾರ. ಅಂತರ್ಜಾಲದಲ್ಲಿ ದಿನಕ್ಕೊಂದರಂತೆ ಬರುವ ಸುಡೊಕುಗಳನ್ನು ಸಾಮಾನ್ಯವಾಗಿ ಕಂಪ್ಯೂಟರ್ ಪ್ರೋಗ್ರಾಂ ತಯಾರಿಸಿ, ಉತ್ತರ ಒಂದೇ ಇದೆಯೇ ಎಂದು ಪರೀಕ್ಷಿಸಿಯೇ ಹೊರಬಿಡುವುದರಿಂದ ಈ ಅನುಮಾನ ನಿಜವಾಗುವುದು ತೀರ ಕಡಿಮೆ. ಆದರೆ ಪಜಲ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲಾಗಿ ಬಂದಿದ್ದರೆ, ಅಂದರೆ ಪೇಪರಿನಿಂದ ನೋಡಿ ಟೈಪ್ ಮಾಡಿದ್ದರೆ ಅಥವಾ ಯಾರೋ ಫೋನಿನಲ್ಲಿ ಓದಿ ಹೇಳಿದ್ದನ್ನು ಬರೆದುಕೊಂಡಿದ್ದರೆ, ಅನುಮಾನಕ್ಕೆ ಆಧಾರವಿದೆ. ಅಂಥ ಸಂದರ್ಭದಲ್ಲಿ ಒಂದು ನಿಮಿಷವೂ ಹಿಡಿಯದ ಮೂರು ಪರೀಕ್ಷೆಗಳನ್ನು ಮೊದಲು ಮಾಡಿಬಿಡುವುದು ಒಳ್ಳೆಯದು.

ಪಜಲ್‌ನಲ್ಲಿ ಮೊದಲೇ ಕೊಟ್ಟ ಅಂಕಿಗಳನ್ನು ಎಣಿಸಿ. 17ಕ್ಕಿಂತ ಕಡಿಮೆ ಇದ್ದರೆ ಆ ಪಜಲ್‌ಗೆ ಒಂದೇ ಉತ್ತರ ಇರಲು ಸಾಧ್ಯವೇ ಇಲ್ಲ. ಡಬ್ಲಿನ್‌ನ ಯೂನಿವರ್ಸಿಟಿ ಕಾಲೇಜಿನ ಗ್ಯಾರಿ ಮೆಕ್‌ಗ್ವಾಯರ್ ಮತ್ತು ಸಂಗಡಿಗರು ಕಂಪ್ಯೂಟರಿನ ಮೂಲಕ ಎಲ್ಲ ಸಾಧ್ಯತೆಗಳನ್ನೂ ಜಾಲಾಡಿ ಇದನ್ನು 2012ರಲ್ಲಿ ಪ್ರಕಟಿಸಿದರು. ಇದರ ವಿರುದ್ಧ ದಿಕ್ಕಿನ ಮಾತು ನಿಜವಲ್ಲ ಎಂಬುದನ್ನೂ ನೆನಪಿಡಬೇಕು: ಮೂವತ್ತು ಅಂಕಿ ಕೊಟ್ಟಿದ್ದರೂ ಉತ್ತರ ಎರಡಿರಬಹುದು. ಎರಡನೆಯದಾಗಿ, ಕೊಟ್ಟ ಅಂಕಿಗಳಲ್ಲಿ 1ರಿಂದ 9ರವರೆಗಿನ ಕನಿಷ್ಠ ಎಂಟು ಅಂಕಿಗಳು ಒಂದೊಂದು ಸಲವಾದರೂ ಇರಲೇಬೇಕು. 3 ಮತ್ತು 8 ಎರಡೂ ಎಲ್ಲಿಯೂ ಕೊಟ್ಟಿಲ್ಲವೆಂದರೆ, ಯಾವುದೇ ಉತ್ತರದಲ್ಲಿ ಎಲ್ಲ 3ಗಳನ್ನೂ 8 ಮಾಡಿ ಎಲ್ಲ 8ಗಳನ್ನೂ 3 ಮಾಡಿದರೆ ಅದೂ ಅಷ್ಟೇ ಸರಿಯಾದ ಉತ್ತರವಾಗುತ್ತದೆ.

ಮೂರನೆಯದು ನನಗೆ ಬಹಳ ಉಪಕಾರ ಮಾಡಿದ ಪರೀಕ್ಷೆ. ಈ ಆಟ 1979ರಲ್ಲಿ ಅಮೆರಿಕದ ಡೆಲ್ ಪತ್ರಿಕೆಯೊಂದರಲ್ಲಿ ‘ನಂಬರ್ ಪ್ಲೇಸ್’ ಎಂಬ ಹೆಸರಿನಲ್ಲಿ ಬಂದು, 1984ರಲ್ಲಿ ಜಪಾನಿನ ನಿಕೋಲಿ ಸಂಸ್ಥೆಯ ಕೈಗೆ ಸಿಕ್ಕಿ ಸುಡೊಕು ಎನಿಸಿಕೊಂಡಿತು. ಅದೇ ನಿಕೋಲಿ 1986ರಲ್ಲಿ ಎರಡು ನಿಯಮಗಳನ್ನು ಹಾಕಿಕೊಂಡಿತು: ಕೊಡುವ ಅಂಕಿಗಳು 32ನ್ನು ಮೀರಬಾರದು, ಅವು ಕೂತ ಮನೆಗಳ ವಿನ್ಯಾಸ ಸಮಮಿತಿಯಲ್ಲಿರಬೇಕು. ಪುಟವನ್ನು ತಲೆಕೆಳಗು ಮಾಡಿದರೂ ತುಂಬಿದ ಮನೆಗಳ ಆಕಾರ ಹಾಗೆಯೇ ಕಾಣಬೇಕೆಂಬುದು ಇದರ ಅರ್ಥ. ಇಂದಿಗೂ ಬಹಳಷ್ಟು ಪಜಲ್‌ಗಳು ಈ ಪದ್ಧತಿಯನ್ನು ಪಾಲಿಸುತ್ತವೆ. ಹಾಗಿರುವಲ್ಲಿ ಮೂರನೇ ಅಡ್ಡಸಾಲಿನ ಏಳನೇ ಮನೆ ತುಂಬಿದ್ದರೆ ಏಳನೇ ಅಡ್ಡಸಾಲಿನ ಮೂರನೇ ಮನೆಯೂ ತುಂಬಿರಬೇಕು. ಸಾಲಿನ ಸಂಖ್ಯೆ, ಕಂಬದ ಸಂಖ್ಯೆ ಎರಡನ್ನೂ ಹತ್ತರಿಂದ ಕಳೆದರೆ ಜೊತೆಗಾರ ಮನೆ ಸಿಗುತ್ತದೆ. ನಟ್ಟನಡುವಿನ ಮನೆಗೆ ಮಾತ್ರ ಅದೇ ಜೊತೆ. ಎಲ್ಲ ಅಂಕಿಗಳಿಗೂ ಜೊತೆ ಸಿಕ್ಕಿ ಒಂದೇ ಒಂದು ಒಂಟಿಯಾಗಿ ಉಳಿದರೆ, ಅದರ ಎದುರಿನ ಅಂಕಿಯನ್ನು ನಕಲು ಮಾಡುವಾಗ ಬಿಟ್ಟಿರಬಹುದು; ಎರಡು ಒಂಟಿಯಾಗಿ ಉಳಿದರೆ ಒಂದನ್ನು ಪಕ್ಕದ ಮನೆಗೆ ಸರಿಸಿ ಬರೆದಿರಬಹುದು. ಒಂಟಿ ಮನೆಗಳು ಏಳೆಂಟು ಕಂಡರೆ ಆ ಪಜಲ್ ಸಮಮಿತಿಯ ಜಾತಿಯದ್ದೇ ಅಲ್ಲ, ಪರೀಕ್ಷೆ ಅಲ್ಲಿಗೆ ಬಿಡಿ.

ಆಟದ ಕೊನೆಯಲ್ಲಿ ಕಾಣಿಸಿಕೊಳ್ಳುವ ಇನ್ನೊಂದು ಲಕ್ಷಣವೂ ಇದೇ ಗುಂಪಿಗೆ ಸೇರಿದ್ದು. ಎರಡು ಅಡ್ಡಸಾಲು, ಎರಡು ಕಂಬಸಾಲು ಕೂಡುವ ನಾಲ್ಕು ಮನೆಗಳು ಮಾತ್ರ ಉಳಿದು, ನಾಲ್ಕರಲ್ಲೂ 2 ಅಥವಾ 9 ಎಂದಷ್ಟೇ ಇದ್ದು, ಆ ನಾಲ್ಕು ಮನೆಗಳು ಎರಡೇ ಚೌಕಗಳಲ್ಲಿ ಹಂಚಿಕೊಂಡಿದ್ದರೆ, 2 ಮತ್ತು 9ನ್ನು ಹೇಗೆ ಅದಲುಬದಲು ಮಾಡಿದರೂ ನಿಯಮ ಮುರಿಯುವುದಿಲ್ಲ. ಸರಿಯಾದ ಪಜಲ್‌ನಲ್ಲಿ, ಸರಿಯಾಗಿ ಬಿಡಿಸಿದವರಿಗೆ, ಈ ಸ್ಥಿತಿ ಬರುವುದೇ ಇಲ್ಲ. ಬಂದರೆ ಮೊದಲು ಕೊಟ್ಟ ಅಂಕಿಗಳನ್ನು ಮೂಲದೊಂದಿಗೆ ಹೋಲಿಸಿ ನೋಡಿ.

ನಾವೇ ಮಾಡಿದ ತಪ್ಪು

ನೂರರಲ್ಲಿ ತೊಂಬತ್ತು ಪಾಲು ಕಾರಣ ಇಲ್ಲಿಯೇ ಇರುತ್ತದೆಂದು ಹೇಳಲು ನನ್ನಲ್ಲಿ ಲೆಕ್ಕವಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಹತ್ತಾರು ವರ್ಷಗಳಲ್ಲಿ ದಿನದ ಪಜಲ್ ನಿಜವಾಗಿಯೂ ತಪ್ಪಾಗಿದ್ದುದನ್ನು ನಾನು ಒಮ್ಮೆಯೂ ಕಂಡಿಲ್ಲ, ನಾನು ತಪ್ಪಿದ್ದಕ್ಕೆ ಎಣಿಕೆಯಿಲ್ಲ.

ಮೊದಲು ತಾಣದ ಸೆಟ್ಟಿಂಗ್‌ಗಳನ್ನು ನೋಡಿಕೊಳ್ಳಬೇಕು, ಏಕೆಂದರೆ ತಪ್ಪು ತೋರಿಸುವ ಕೆಂಪು ಬಣ್ಣದ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಬೇರಾವುದರ ಬಗ್ಗೆಯೂ ಇಲ್ಲ. ಕೆಲವು ತಾಣಗಳಲ್ಲಿ ಕೆಂಪು ಬರುವುದು ಒಂದೇ ಸಾಲಿನಲ್ಲೋ ಚೌಕದಲ್ಲೋ ಅಂಕಿ ಮರುಕಳಿಸಿದಾಗ ಮಾತ್ರ. ಇನ್ನು ಕೆಲವಲ್ಲಿ ನೀವು ಬರೆದದ್ದನ್ನು ಉತ್ತರದ ಜೊತೆ ಹೋಲಿಸಿ, ತಪ್ಪಾದ ಕ್ಷಣವೇ ಕೆಂಪು ಮಾಡುತ್ತಾರೆ. ಮೊದಲನೆಯ ಬಗೆಯಲ್ಲಿ ಕೆಂಪು ಬರಲಿಲ್ಲ ಎಂದರೆ ನೀವು ಸರಿ ಎಂದಲ್ಲ. ಇನ್ನೂ ಘರ್ಷಣೆ ಆಗಿಲ್ಲ ಎಂದಷ್ಟೇ. ಯಾವ ಬಗೆ ಎಂದು ತಿಳಿಯುವುದು ಸುಲಭ. ಹಳೆಯ ದಿನದ ಒಂದು ಪಜಲ್ ತೆರೆದು, ಸಾಲು, ಕಂಬ, ಚೌಕ ಮೂರರಲ್ಲೂ ಇಲ್ಲದ, ಆದರೆ ಉತ್ತರವಲ್ಲವೆಂದು ನಿಮಗೆ ಖಾತ್ರಿಯಿರುವ ಒಂದು ಅಂಕಿಯನ್ನು ಬೇಕೆಂದೇ ಬರೆಯಿರಿ. ಬಣ್ಣ ಬದಲಾಗದಿದ್ದರೆ ಆ ತಾಣ ಘರ್ಷಣೆಯನ್ನಷ್ಟೇ ನೋಡುತ್ತದೆ.

ಇನ್ನು ಹಿಂದಕ್ಕೆ ನಡೆಯುವ ಕ್ರಮ. ಕಳೆದ ಮಳೆಗಾಲದ ಒಂದು ಭಾನುವಾರ ಭಾವನವರ ಫೋನ್ ಬಂದಾಗ ಅವರ ಬೋರ್ಡಿನಲ್ಲಿ ಕೊಟ್ಟ ಅಂಕಿಗಳಲ್ಲದೆ ಅವರೇ ಬರೆದ 26 ಅಂಕಿಗಳಿದ್ದವು, ಕೆಳಗಿನ ಬಲ ಚೌಕದಲ್ಲಿ 6ಕ್ಕೆ ಜಾಗವೇ ಉಳಿದಿರಲಿಲ್ಲ. "ಭಾವ, ಏನನ್ನೂ ಅಳಿಸಬೇಡಿ, ಮೊದಲು ಒಂದು ಸ್ಕ್ರೀನ್‌ಶಾಟ್ ತೆಗೆದಿಡಿ" ಎಂದೆ. ಇದು ಕೇವಲ ಎಚ್ಚರಿಕೆಯ ಮಾತಲ್ಲ: ಅನ್‌ಡೂ ಒತ್ತಿ ಹಿಂದೆ ಹೋದ ಮೇಲೆ ಹೊಸದಾಗಿ ಒಂದು ಅಂಕಿ ಬರೆದರೂ ಸಾಕು, ಮುಂದಿನ ಹೆಜ್ಜೆಗಳ ನೆನಪನ್ನು ಹೆಚ್ಚಿನ ಆ್ಯಪ್‌ಗಳು ಅಳಿಸಿಬಿಡುತ್ತವೆ, ರೀಡೂ ಮಾಡಲು ಏನೂ ಉಳಿಯುವುದಿಲ್ಲ. ನಂತರ ಅವರು ಒಂದೊಂದೇ ಅನ್‌ಡೂ ಒತ್ತುತ್ತಾ, ಯಾವ ಮನೆಯಿಂದ ಯಾವ ಅಂಕಿ ಹೊರಟಿತೆಂದು ಓದಿ ಹೇಳಿದರು; ನಾನು ಕೆಳಗಿನಿಂದ ಮೇಲಕ್ಕೆ ಬರೆದುಕೊಂಡೆ. ಹೀಗೆ 26 ಹೆಜ್ಜೆಗಳ ಪಟ್ಟಿ ಸಿಕ್ಕಿತು.

ಪಟ್ಟಿ ಸಿಕ್ಕಮೇಲೆ ಒಂದೊಂದಾಗಿ ಪರೀಕ್ಷಿಸುವ ಅಗತ್ಯವಿಲ್ಲ; ಮಧ್ಯಕ್ಕೆ ಸೀಳಿ ನೋಡಿದರೆ ಸಾಕು. ಸುಡೊಕು ಬಿಡಿಸಿಕೊಡುವ ಪ್ರೋಗ್ರಾಂ ಒಂದರಲ್ಲಿ ಕೊಟ್ಟ ಅಂಕಿಗಳ ಜೊತೆ ಮೊದಲ 13 ಹೆಜ್ಜೆಗಳನ್ನು ಹಾಕಿದೆವು. ಉತ್ತರವಿಲ್ಲ ಎಂದಿತು. ಅಂದರೆ ತಪ್ಪು 13ರ ಒಳಗೇ ಇದೆ, ಆಮೇಲಿನ ಅರ್ಧ ಗಂಟೆಯ ಶ್ರಮವೆಲ್ಲ ಆ ತಪ್ಪಿನ ಮೇಲೆ ಕಟ್ಟಿದ ಮಾಳಿಗೆ. ಮೊದಲ ಏಳನ್ನಷ್ಟೇ ಹಾಕಿದಾಗ ಉತ್ತರ ಬಂತು. ಹತ್ತು ಹಾಕಿದಾಗ ಇಲ್ಲ. ಎಂಟು ಹಾಕಿದಾಗಲೂ ಇಲ್ಲ. ಹಾಗಾದರೆ ಎಂಟನೆಯ ಹೆಜ್ಜೆಯೇ ಮೊದಲ ತಪ್ಪು. 26 ಹೆಜ್ಜೆಗಳಿಗೆ ನಾಲ್ಕೇ ಪರೀಕ್ಷೆ ಸಾಕಾಯಿತು; ಐವತ್ತು ಹೆಜ್ಜೆಗಳಿದ್ದರೂ ಆರನ್ನು ದಾಟುವುದಿಲ್ಲ, ಏಕೆಂದರೆ ಪ್ರತಿ ಪರೀಕ್ಷೆಗೂ ಅನುಮಾನದ ಹರವು ಅರ್ಧವಾಗುತ್ತದೆ.

ಎಂಟನೆಯ ಹೆಜ್ಜೆಯಲ್ಲಿ ಅವರು ನಾಲ್ಕನೇ ಅಡ್ಡಸಾಲಿನ ಮೊದಲ ಮನೆಯಲ್ಲಿ 9 ಬರೆದಿದ್ದರು. ಏಕೆ ಬರೆದಿರಿ ಎಂದು ಕೇಳಿದೆ. "ಅಲ್ಲಿ 4 ಅಥವಾ 9 ಇತ್ತು, 4 ಹೋಯಿತಲ್ಲ" ಎಂದರು. 4 ಏಕೆ ಹೋಯಿತು? ಐದನೇ ಅಡ್ಡಸಾಲಿನ ಎರಡನೇ ಮನೆಯಲ್ಲಿ 4 ಅಥವಾ 7, ಎಂಟನೇ ಮನೆಯಲ್ಲೂ 4 ಅಥವಾ 7. ಇದು ಎಲ್ಲರೂ ಬಲ್ಲ ಜೋಡಿ: ಆ ಎರಡು ಮನೆಗಳು 4 ಮತ್ತು 7ನ್ನು ತಮ್ಮಲ್ಲೇ ಹಂಚಿಕೊಳ್ಳುವುದರಿಂದ ಐದನೇ ಅಡ್ಡಸಾಲಿನ ಬೇರೆ ಯಾವ ಮನೆಗೂ ಅವು ಬರುವುದಿಲ್ಲ. ಅಲ್ಲಿಯವರೆಗೆ ಸರಿ. ಆದರೆ ಭಾವನವರು ಕೈ ಹರಿಬಿಟ್ಟು, ಎರಡನೇ ಮನೆ ಇರುವ ನಡು ಎಡ ಚೌಕದಿಂದಲೂ 4 ಮತ್ತು 7ನ್ನು ತೆಗೆದಿದ್ದರು. ಜೋಡಿಯ ಎರಡು ಮನೆಗಳೂ ಒಂದೇ ಚೌಕದಲ್ಲಿದ್ದರೆ ಮಾತ್ರ ಚೌಕದಿಂದ ತೆಗೆಯಬಹುದು; ಇಲ್ಲಿ ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ. ಜೋಡಿಯ ಎರಡೂ ಮನೆಗಳು ಯಾವುದನ್ನು ಹಂಚಿಕೊಂಡಿವೆಯೋ ಅದಕ್ಕಷ್ಟೇ ಅವುಗಳ ಅಧಿಕಾರ.

ಈ ತಪ್ಪನ್ನು ಆ ಕ್ಷಣವೇ ಹಿಡಿಯಬಹುದಿತ್ತು ಎಂಬುದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ನಡು ಎಡ ಚೌಕದ ಉಳಿದೆಲ್ಲ ಮನೆಗಳಿಂದ 4 ಮತ್ತು 7ನ್ನು ಅಳಿಸಿದ ಮೇಲೆ ಆ ಚೌಕದಲ್ಲಿ 4ಕ್ಕೆ ಉಳಿದದ್ದು ಒಂದೇ ಮನೆ, 7ಕ್ಕೆ ಉಳಿದದ್ದೂ ಅದೇ ಮನೆ. ಎರಡು ಅಂಕಿಗೆ ಒಂದು ಮನೆ ಎಂದರೆ ವಿರೋಧ ಅಲ್ಲಿಯೇ ಕಣ್ಣೆದುರಿಗೆ ನಿಂತಿತ್ತು. ಆದರೆ ಯಾವ ಅಂಕಿಯೂ ಮರುಕಳಿಸದೆ ಇದ್ದುದರಿಂದ ತಾಣ ಕೆಂಪು ತೋರಿಸಲಿಲ್ಲ, ಭಾವನವರು ಮನೆಯನ್ನು ನೋಡಿದರೇ ಹೊರತು ಅಂಕಿಯನ್ನು ನೋಡಲಿಲ್ಲ. ನಾವು ಸಾಮಾನ್ಯವಾಗಿ ‘ಈ ಮನೆಗೆ ಯಾವ ಅಂಕಿ’ ಎಂದು ಕೇಳುತ್ತೇವೆ. ತಪ್ಪು ಹಿಡಿಯುವುದು ‘ಈ ಅಂಕಿಗೆ ಯಾವ ಮನೆ’ ಎಂಬ ಪ್ರಶ್ನೆ. ಪೆನ್ಸಿಲ್ ಗುರುತು ಅಳಿಸಿದಾಗಲೆಲ್ಲ, ಅಳಿಸಿದ ಅಂಕಿಗೆ ಆ ಸಾಲಿನಲ್ಲಿ, ಕಂಬದಲ್ಲಿ, ಚೌಕದಲ್ಲಿ ಇನ್ನೂ ಒಂದು ಜಾಗ ಉಳಿದಿದೆಯೇ, ಅದೇ ಜಾಗ ಬೇರೊಂದು ಅಂಕಿಗೂ ಉಳಿದ ಒಂದೇ ಜಾಗವಾಗಿಲ್ಲವಷ್ಟೇ ಎಂದು ನೋಡುವ ರೂಢಿ ಮಾಡಿಕೊಂಡರೆ, ಈ ಇಡೀ ಹಿಂದಕ್ಕೆ ನಡೆಯುವ ವ್ಯಾಯಾಮ ಬಹಳಷ್ಟು ಸಲ ಬೇಕಾಗುವುದಿಲ್ಲ.

ಒಂದು ಮಿತಿಯನ್ನು ಹೇಳಲೇಬೇಕು. ಪ್ರೋಗ್ರಾಂ ನೋಡುವುದು ಬರೆದ ಅಂಕಿಗಳನ್ನು ಮಾತ್ರ, ಪೆನ್ಸಿಲ್ ಗುರುತುಗಳನ್ನಲ್ಲ. ಆದ್ದರಿಂದ ಅದು ತೋರಿಸುವುದು ಮೊದಲ ತಪ್ಪು ಅಂಕಿಯನ್ನು. ಆ ಅಂಕಿಗೆ ಕಾರಣವಾದ ತಪ್ಪು ಅಳಿಸುವಿಕೆ ಅದಕ್ಕಿಂತ ಸ್ವಲ್ಪ ಹಿಂದೆ ನಡೆದಿರುತ್ತದೆ. ಅದನ್ನು ‘ಏಕೆ ಬರೆದೆ’ ಎಂದು ತನ್ನನ್ನೇ ಕೇಳಿಕೊಂಡು ಕಂಡುಹಿಡಿಯಬೇಕು. ಸುಮ್ಮನೆ ಊಹಿಸಿ ಬರೆದಿದ್ದರೆ ಈ ಪ್ರಶ್ನೆಗೆ ಉತ್ತರವಿರುವುದಿಲ್ಲ. ಊಹಿಸಲೇಬೇಕೆನಿಸಿದರೆ ಅಲ್ಲಿಂದ ಮುಂದಿನದನ್ನೆಲ್ಲ ಬೇರೆ ಬಣ್ಣದಲ್ಲಿ ಬರೆಯಿರಿ.

ಪೆನ್ಸಿಲ್ ಗುರುತುಗಳಿಂದ ಹುಟ್ಟುವ ಗೊಂದಲ

ಗುರುತು ಬರೆಯುವುದರಲ್ಲಿ ಎರಡು ಪದ್ಧತಿಗಳಿವೆ, ಅವೆರಡನ್ನೂ ಬೆರೆಸುವುದು ನಾನು ಕಂಡ ದೋಷಗಳಲ್ಲಿ ಅತಿ ಮೋಸದ್ದು. ಪೂರ್ಣ ಪದ್ಧತಿಯಲ್ಲಿ ಪ್ರತಿ ಖಾಲಿ ಮನೆಯಲ್ಲೂ ಬರಬಹುದಾದ ಎಲ್ಲ ಅಂಕಿಗಳನ್ನು ಬರೆಯುತ್ತಾರೆ. ಒಂದು ಅಂಕಿ ಅಲ್ಲಿಲ್ಲ ಎಂದರೆ ಅದು ಆ ಮನೆಗೆ ಬರುವುದಿಲ್ಲ. ಇನ್ನೊಂದು ಸ್ನೈಡರ್ ಪದ್ಧತಿ. ಅಮೆರಿಕದ ಥಾಮಸ್ ಸ್ನೈಡರ್ ಅವರ ಹೆಸರಿನಿಂದ ಬಂದದ್ದು; ಇವರು 2008ರಲ್ಲಿ ನಮ್ಮ ಪಕ್ಕದ ಗೋವೆಯಲ್ಲಿ ನಡೆದ ವಿಶ್ವ ಸುಡೊಕು ಚಾಂಪಿಯನ್‌ಷಿಪ್ ಗೆದ್ದವರು. (ಅದೇ ಸ್ಪರ್ಧೆ 2017ರಲ್ಲಿ ಬೆಂಗಳೂರಿಗೂ ಬಂದಿತ್ತು.) ಈ ಪದ್ಧತಿಯಲ್ಲಿ ಒಂದು ಚೌಕದಲ್ಲಿ ಒಂದು ಅಂಕಿಗೆ ಸರಿಯಾಗಿ ಎರಡೇ ಮನೆಗಳು ಸಾಧ್ಯವಿದ್ದಾಗ ಮಾತ್ರ ಆ ಎರಡರಲ್ಲೂ ಅದನ್ನು ಗುರುತಿಸುತ್ತಾರೆ, ಇಲ್ಲದಿದ್ದರೆ ಏನೂ ಬರೆಯುವುದಿಲ್ಲ. ವೇಗವಾಗಿ ಬಿಡಿಸಲು ಬಹಳ ಒಳ್ಳೆಯ ಪದ್ಧತಿ. ಆದರೆ ಇಲ್ಲಿ ಒಂದು ಅಂಕಿ ಬರೆದಿಲ್ಲ ಎಂದರೆ ಅದು ಬರುವುದಿಲ್ಲ ಎಂದು ಅರ್ಥವಲ್ಲ, ಅದರ ಬಗ್ಗೆ ಇನ್ನೂ ಏನನ್ನೂ ಹೇಳಿಲ್ಲ ಎಂದಷ್ಟೇ ಅರ್ಥ.

ಬೆಳಿಗ್ಗೆ ಸ್ನೈಡರ್ ಪದ್ಧತಿಯಲ್ಲಿ ಅರ್ಧ ಮಾಡಿಟ್ಟು, ಮಧ್ಯಾಹ್ನ ಊಟದ ಬಿಡುವಿನಲ್ಲಿ ಮತ್ತೆ ತೆರೆದಾಗ, ಒಂದು ಮನೆಯಲ್ಲಿ ಸಣ್ಣ 3 ಒಂದೇ ಕೂತಿರುತ್ತದೆ. ಪೂರ್ಣ ಪದ್ಧತಿಯ ಕಣ್ಣಿಗೆ ಅದು ‘ಒಂದೇ ಸಾಧ್ಯತೆ’, ಬರೆದುಬಿಡುತ್ತೇವೆ. ನಿಜದಲ್ಲಿ ಅದು ‘ಈ ಮನೆ ಅಥವಾ ಇದರ ಜೊತೆಯ ಮನೆ’ ಎಂಬ ಸೂಚನೆ. ನಿಮ್ಮ ಬೋರ್ಡ್ ಬೆರಕೆಯಾಗಿದೆಯೇ ಎಂದು ಪರೀಕ್ಷಿಸಲು ಒಂದು ಚೌಕವನ್ನು ತೆಗೆದುಕೊಂಡು ಪ್ರತಿ ಸಣ್ಣ ಅಂಕಿ ಎಷ್ಟು ಸಲ ಬಂದಿದೆ ಎಂದು ಎಣಿಸಿ. ಎಲ್ಲವೂ ಎರಡೆರಡು ಸಲ ಇದ್ದರೆ ಅದು ಸ್ನೈಡರ್. ಇನ್ನೂ ಬರೆಯದ ಅಂಕಿಗಳೆಲ್ಲವೂ ಎಲ್ಲಿಯಾದರೂ ಗುರುತಾಗಿದ್ದು, ಕೆಲವು ಮೂರು ನಾಲ್ಕು ಸಲ ಇದ್ದರೆ ಅದು ಪೂರ್ಣ. ಒಂದು ಚೌಕ ಹೀಗೆ, ಪಕ್ಕದ್ದು ಹಾಗೆ ಇದ್ದರೆ ಬರೆದ ಅಂಕಿಗಳನ್ನು ಮುಟ್ಟದೆ ಗುರುತುಗಳನ್ನೆಲ್ಲ ತೆಗೆದು ಹೊಸದಾಗಿ ಹಾಕಿಕೊಳ್ಳುವುದೇ ಕ್ಷೇಮ.

ಹೊಸದಾಗಿ ಹಾಕಲು ತಾಣದ ಸ್ವಯಂ ಗುರುತಿನ ಬಟನ್ ಒತ್ತಬಹುದು. ಅದು ಸಾಲು, ಕಂಬ, ಚೌಕದಲ್ಲಿ ಈಗಾಗಲೇ ಇರುವ ಅಂಕಿಗಳನ್ನಷ್ಟೇ ನೋಡಿ ಗುರುತು ತುಂಬುತ್ತದೆ, ಆದ್ದರಿಂದ ಜೋಡಿಗಳ ಮೂಲಕ ನೀವು ಕಷ್ಟಪಟ್ಟು ತೆಗೆದದ್ದೆಲ್ಲ ಮರಳಿ ಬರುತ್ತದೆ. ನಷ್ಟವೇ ಆದರೂ ಪತ್ತೆ ಕೆಲಸಕ್ಕೆ ಇದು ಬಹು ಉಪಯುಕ್ತ. ಹೀಗೆ ತುಂಬಿದ ಮೇಲೆ ಒಂದು ಖಾಲಿ ಮನೆಯಲ್ಲಿ ಒಂದೂ ಗುರುತು ಮೂಡದಿದ್ದರೆ ತಪ್ಪಿರುವುದು ಬರೆದ ಅಂಕಿಗಳಲ್ಲಿ ಎಂಬುದು ಖಚಿತ. ಎಲ್ಲ ಮನೆಗಳಲ್ಲೂ ಗುರುತು ಮೂಡಿ, ಪಜಲ್ ಮುಂದೆ ಸಾಗಿದರೆ, ಕೆಟ್ಟಿದ್ದದ್ದು ನಿಮ್ಮ ಹಳೆಯ ಗುರುತುಗಳಿರಬೇಕು.

ಅಳಿಸುವ ಬಟನ್ ಮತ್ತು ಅನ್‌ಡೂ ಒಂದೇ ಎಂದು ತಿಳಿದವರು ಇನ್ನೊಂದು ಬಲೆಗೆ ಬೀಳುತ್ತಾರೆ. ಒಂದು ಮನೆಯಲ್ಲಿ 5 ಬರೆದೊಡನೆ ಅದೇ ಸಾಲು, ಕಂಬ, ಚೌಕದ ಮನೆಗಳಿಂದ ಸಣ್ಣ 5ಗಳನ್ನು ತಾನಾಗಿಯೇ ತೆಗೆಯುವ ಆ್ಯಪ್‌ಗಳು ಹಲವಿವೆ. ತಪ್ಪಾಗಿ 5 ಬರೆದು, ಛೆ ಎಂದು ಅಳಿಸುವ ಬಟನ್ ಒತ್ತಿದರೆ ದೊಡ್ಡ 5 ಹೋಗುತ್ತದೆ, ಆದರೆ ಕೆಲವು ಆ್ಯಪ್‌ಗಳಲ್ಲಿ ತೆಗೆದುಹಾಕಿದ ಸಣ್ಣ 5ಗಳು ಮರಳುವುದಿಲ್ಲ. ಅನ್‌ಡೂ ಒತ್ತಿದರೆ ಮಾತ್ರ ಮರಳುತ್ತವೆ. ಅಳಿಸುವ ಬಟನ್ ಒತ್ತಿದ್ದರೆ ಅಲ್ಲಿಂದ ಮುಂದೆ ನೀವು ಎಷ್ಟೇ ಶುದ್ಧ ತರ್ಕದಿಂದ ನಡೆದರೂ ಬೋರ್ಡ್ ಸುಳ್ಳು ಹೇಳುತ್ತಿರುತ್ತದೆ. ಲಕ್ಷಣ ಸ್ಪಷ್ಟವಾಗಿದೆ: ಒಂದೇ ಒಂದು ಅಂಕಿ, ಒಂದು ಸಾಲು ಮತ್ತು ಒಂದು ಕಂಬದ ಉದ್ದಕ್ಕೂ, ಕೊಡಲಿಯಿಂದ ಕಡಿದಂತೆ ಮಾಯವಾಗಿರುತ್ತದೆ. ಆ ಎರಡು ಗೆರೆಗಳು ಕೂಡುವ ಮನೆಯೇ ನೀವು ಹಿಂದೆ ಬರೆದು ಅಳಿಸಿದ ಮನೆ.

ನಿಯಮವೇ ಬೇರೆ ಇದ್ದಾಗ

ಕೆಲವು ತಾಣಗಳಲ್ಲಿ ವಾರದ ಒಂದೊಂದು ದಿನಕ್ಕೆ ಒಂದೊಂದು ಬಗೆಯ ಪಜಲ್ ಬರುತ್ತದೆ. ಸಾಮಾನ್ಯ ನಿಯಮದಿಂದ ಬಿಡಿಸುತ್ತಾ ಹೋಗಿ, ತಪ್ಪೇನೂ ಕಾಣದೆ, ಆದರೆ ಮುಂದಕ್ಕೂ ಹೋಗಲಾರದೆ ನಿಂತರೆ, ಬೋರ್ಡಿನ ಮೂಲೆಯಿಂದ ಮೂಲೆಗೆ ತೆಳು ಗೆರೆ ಇದೆಯೇ ನೋಡಿ. ಕರ್ಣ ಸುಡೊಕುವಿನಲ್ಲಿ ಎರಡು ಕರ್ಣಗಳಲ್ಲೂ 1ರಿಂದ 9 ಬರಬೇಕು. ಫೋನಿನ ಡಾರ್ಕ್ ಮೋಡ್‌ನಲ್ಲಿ ಆ ಗೆರೆ ಕಣ್ಣಿಗೇ ಬೀಳದಿರುವುದುಂಟು.

ಚುಕ್ಕೆ ಗೆರೆಯ ಗೂಡುಗಳಿಗೆ ಮೊತ್ತ ಕೊಡುವ ಕಿಲ್ಲರ್ ಸುಡೊಕುವಿನಲ್ಲಿ ನಕಲಿನ ತಪ್ಪು ಹಿಡಿಯಲು ಒಂದು ಸೊಗಸಾದ ಲೆಕ್ಕವಿದೆ. ಒಂದು ಸಾಲಿನ ಮೊತ್ತ 45, ಒಂಬತ್ತು ಸಾಲುಗಳದ್ದು 405. ಗೂಡುಗಳು ಇಡೀ ಬೋರ್ಡನ್ನು ಮುಚ್ಚಿದ್ದರೆ ಎಲ್ಲ ಗೂಡುಗಳ ಮೊತ್ತ ಕೂಡಿದಾಗ 405 ಬರಲೇಬೇಕು. 395 ಬಂದರೆ ಎಲ್ಲೋ 17ನ್ನು 7 ಎಂದು ಓದಿಕೊಂಡಿರುವ ಸಾಧ್ಯತೆ ಹೆಚ್ಚು. ಕಿಲ್ಲರ್‌ನ ಗೂಡಿನೊಳಗೆ ಅಂಕಿ ಮರುಕಳಿಸಬಾರದೆಂಬುದು ರೂಢಿಯ ನಿಯಮ, ಆದ್ದರಿಂದ ಎರಡು ಮನೆಗಳ ಗೂಡಿಗೆ 17 ಎಂದರೆ 8 ಮತ್ತು 9, ಮೂರು ಮನೆಗೆ 24 ಎಂದರೆ 7, 8, 9 ಎಂದು ಕಣ್ಣುಮುಚ್ಚಿ ಹೇಳಬಹುದು. ಇದೇ ಅಭ್ಯಾಸವನ್ನು, ಗೂಡುಗಳಿಗೆ ಮೊತ್ತವನ್ನೋ ಗುಣಲಬ್ಧವನ್ನೋ ಕೊಡುವ ಇನ್ನೊಂದು ಅಂಕಿ ಆಟವಾದ ಕೆನ್‌ಕೆನ್‌ಗೆ ಒಯ್ದರೆ ಕೈ ಸುಟ್ಟುಕೊಳ್ಳುತ್ತೇವೆ. ಜಪಾನಿನ ಶಿಕ್ಷಕ ತೆತ್ಸುಯಾ ಮಿಯಾಮೊತೊ 2004ರಲ್ಲಿ ರೂಪಿಸಿದ ಈ ಆಟದಲ್ಲಿ ಒಂದೇ ಸಾಲು ಅಥವಾ ಕಂಬದಲ್ಲಿ ಇಲ್ಲದಿದ್ದರೆ ಗೂಡಿನೊಳಗೆ ಅಂಕಿ ಮರುಕಳಿಸಬಹುದು. ಮೊಣಕೈಯಂತೆ ಮಡಚಿದ ಮೂರು ಮನೆಗಳ ಗೂಡಿಗೆ ಗುಣಲಬ್ಧ 4 ಎಂದಿದ್ದರೆ, ಎರಡು ತುದಿಗಳಲ್ಲಿ 2, ಮಡಿಕೆಯಲ್ಲಿ 1 ಬರಬಹುದು. ತುದಿಗಳಲ್ಲಿ 1, ಮಡಿಕೆಯಲ್ಲಿ 4 ಕೂಡ. ಕಿಲ್ಲರ್ ಆಡಿ ಪಳಗಿದವರು ಇಲ್ಲಿ ‘ಅಸಾಧ್ಯ’ ಎಂದು ಪಜಲ್ಲನ್ನೇ ದೂರುತ್ತಾರೆ.

ಫೋನ್, ಬ್ರೌಸರ್ ಮತ್ತು ಗಡಿಯಾರ

ಒತ್ತಿದ ಅಂಕಿ ದೊಡ್ಡದಾಗಿ ಮೂಡದೆ ಮೂಲೆಯಲ್ಲಿ ಸಣ್ಣದಾಗಿ ಕೂತರೆ ಪೆನ್ಸಿಲ್ ಮೋಡ್ ಚಾಲೂ ಇದೆ. ಕಂಪ್ಯೂಟರಿನಲ್ಲಿ ಅಂಕಿ ಒತ್ತಿದರೆ ಏನೂ ಆಗದಿದ್ದರೆ ಕೀಲಿಮಣೆಯನ್ನು ಕನ್ನಡ ಅಂಕಿಗಳು ಮೂಡುವಂತೆ ಹೊಂದಿಸಿಟ್ಟಿದ್ದೀರಾ ನೋಡಿ. ೩ ಎಂಬುದು ನಮಗೆ ಮೂರೇ ಆದರೂ 3ನ್ನು ಕಾಯುತ್ತಿರುವ ತಾಣಕ್ಕೆ ಅದು ಅಪರಿಚಿತ ಅಕ್ಷರ.

ಹೆಚ್ಚು ಮನಸ್ತಾಪಕ್ಕೆ ಕಾರಣವಾಗುವುದು ಸ್ಟ್ರೀಕ್, ಅಂದರೆ ಸತತವಾಗಿ ಆಡಿದ ದಿನಗಳ ಎಣಿಕೆ, ಮುರಿಯುವುದು. ದಿನವೂ ತಪ್ಪದೆ ಆಡಿದ್ದೇನೆ, ಆದರೂ ಎಣಿಕೆ ಸೊನ್ನೆಗೆ ಬಂದಿದೆ ಎಂಬ ದೂರಿನಲ್ಲಿ ಮೊದಲು ಕೇಳಬೇಕಾದದ್ದು, ಆ ತಾಣದ ‘ದಿನ’ ಬದಲಾಗುವುದು ಎಷ್ಟು ಗಂಟೆಗೆ ಎಂದು. ಫೋನಿನ ಗಡಿಯಾರವನ್ನು ನೋಡುವ ತಾಣದಲ್ಲಿ ನಮ್ಮ ಮಧ್ಯರಾತ್ರಿಗೇ ಬದಲಾಗುತ್ತದೆ. ಗ್ರೀನಿಚ್ ಸಮಯವನ್ನು ಹಿಡಿದ ತಾಣದಲ್ಲಿ ಬೆಳಗಿನ 5:30ಕ್ಕೆ. ನ್ಯೂಯಾರ್ಕ್ ಸಮಯವನ್ನು ಹಿಡಿದ ತಾಣದಲ್ಲಿ ಅಲ್ಲಿನ ಬೇಸಿಗೆಯಲ್ಲಿ ನಮ್ಮ ಬೆಳಗಿನ 9:30ಕ್ಕೆ, ಚಳಿಗಾಲದಲ್ಲಿ 10:30ಕ್ಕೆ. ಈಗ ಒಬ್ಬರು ಸೋಮವಾರ ಬೆಳಿಗ್ಗೆ 8 ಗಂಟೆಗೆ ಲೋಕಲ್‌ನಲ್ಲಿ ಆಡಿದರು, ಮಂಗಳವಾರ ಆಫೀಸಿನಲ್ಲಿ 11 ಗಂಟೆಗೆ ಆಡಿದರು ಎನ್ನೋಣ. ನಮ್ಮ ಪಂಚಾಂಗದಲ್ಲಿ ಎರಡು ದಿನ, ಎರಡು ಪಜಲ್. ನ್ಯೂಯಾರ್ಕಿನ ಲೆಕ್ಕದಲ್ಲಿ ಮೊದಲು ಆಡಿದ್ದು ಭಾನುವಾರ ರಾತ್ರಿಯ ಪಜಲ್, ಎರಡನೆಯದು ಮಂಗಳವಾರದ್ದು. ಸೋಮವಾರ ಪೂರ್ತಿ ತಪ್ಪಿಹೋಯಿತು. ಇಂಥ ತಾಣಗಳಲ್ಲಿ ವರ್ಷವಿಡೀ ಒಂದೋ 9:30ಕ್ಕೆ ಮೊದಲು, ಇಲ್ಲವೇ 10:30ರ ನಂತರ, ಒಂದೇ ಹೊತ್ತಿಗೆ ಅಂಟಿಕೊಂಡರೆ ಈ ತೊಂದರೆ ಇರುವುದಿಲ್ಲ.

ಗಡಿಯಾರ ಸರಿಯಿದ್ದರೆ ದಾಖಲೆ ಎಲ್ಲಿ ಉಳಿಯುತ್ತದೆ ಎಂದು ನೋಡಬೇಕು. ಲಾಗಿನ್ ಆಗದೆ ಆಡುವಲ್ಲಿ ಎಣಿಕೆಯೆಲ್ಲ ಆ ಬ್ರೌಸರಿನ ಒಳಗೇ ಇರುತ್ತದೆ. ಬ್ರೌಸರಿನ ಸೈಟ್ ಡೇಟಾ ಅಳಿಸಿದರೆ ಅದೂ ಹೋಯಿತು. ಇನ್‌ಕಾಗ್ನಿಟೊ ಟ್ಯಾಬ್ ಮುಚ್ಚಿದರೆ ಹೋಯಿತು. ಸಾಮಾಜಿಕ ಜಾಲತಾಣದ ಆ್ಯಪ್ ಒಳಗಿನ ಬ್ರೌಸರಿನಲ್ಲಿ ಲಿಂಕ್ ತೆರೆದು ಆಡಿದ್ದು ಕ್ರೋಮ್‌ನಲ್ಲಿ ಕಾಣುವುದಿಲ್ಲ. ಐಫೋನ್ ಇಟ್ಟುಕೊಂಡವರು ಇನ್ನೊಂದನ್ನು ಗಮನಿಸಬೇಕು: ಸಫಾರಿಯನ್ನು ಏಳು ದಿನ ಬಳಸುತ್ತಿದ್ದು, ಆ ಅವಧಿಯಲ್ಲಿ ಒಂದು ತಾಣವನ್ನು ಮುಟ್ಟದೇ ಇದ್ದರೆ, ಆ ತಾಣ ಬ್ರೌಸರಿನಲ್ಲಿ ಬರೆದಿಟ್ಟುಕೊಂಡದ್ದನ್ನು ಸಫಾರಿ ಅಳಿಸಿಬಿಡುತ್ತದೆ, 2020ರಿಂದ ಹೀಗಿದೆ. ವಾರವೆರಡು ವಾರ ಊರಿಗೆ ಹೋಗಿ ಬಂದವರ ಹಳೆಯ ದಾಖಲೆ, ಅತಿ ಕಡಿಮೆ ಸಮಯದ ಲೆಕ್ಕ ಎಲ್ಲ ಮಾಯವಾಗುವುದಕ್ಕೆ ಇದೇ ಕಾರಣವಿರಬಹುದು. ಖಾತೆ ತೆರೆದು ಲಾಗಿನ್ ಆಗಿ ಆಡುವುದು ಇದಕ್ಕೆ ಒಳ್ಳೆಯ ಪರಿಹಾರ.

ಪುಣೆಗೆ ಹೋಗುವ ರೈಲಿನಲ್ಲಿ ನನಗೇ ಆದ ಒಂದು ತೊಂದರೆಯನ್ನೂ ಸೇರಿಸುತ್ತೇನೆ. ಕರ್ಜತ್ ಬಿಟ್ಟು ಲೋನಾವಳ ಮುಟ್ಟುವವರೆಗೆ ಘಾಟಿಯಲ್ಲಿ ಸುರಂಗದ ಮೇಲೆ ಸುರಂಗ. ಕೊನೆಯ ಅಂಕಿ ಬರೆದಾಗ ಗಾಡಿ ಕತ್ತಲಲ್ಲಿತ್ತು, ನೆಟ್‌ವರ್ಕ್ ಇರಲಿಲ್ಲ, ‘ಮುಗಿಯಿತು’ ಎಂಬ ಸಂದೇಶ ಬರಲಿಲ್ಲ, ಸಮಯ ಓಡುತ್ತಲೇ ಇತ್ತು. ಎಲ್ಲೋ ತಪ್ಪಿದ್ದೇನೆಂದು ಭಾವಿಸಿ ಪುಟವನ್ನು ರಿಫ್ರೆಶ್ ಮಾಡಿದೆ. ಬಿಳಿ ಪರದೆ ಬಂತು, ಆಟವೂ ಹೋಯಿತು. ಮಾಡಬೇಕಾಗಿದ್ದುದು ಇಷ್ಟೇ. ಸಾಲು, ಕಂಬ, ಚೌಕ ಮೂರನ್ನೂ ಒಮ್ಮೆ ಕಣ್ಣಾಡಿಸಿ, ಎಲ್ಲಿಯೂ ಅಂಕಿ ಮರುಕಳಿಸಿಲ್ಲವೆಂದು ಖಾತ್ರಿ ಮಾಡಿಕೊಂಡು, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ಟ್ಯಾಬ್ ಮುಚ್ಚದೆ, ಬೇರೆ ಆ್ಯಪ್‌ಗೂ ಹೋಗದೆ ಲೋನಾವಳ ಬರುವವರೆಗೆ ಕಾಯುವುದು. ನೆಟ್‌ವರ್ಕ್ ಮರಳಿದ ಮೇಲೂ ಸಂದೇಶ ಬಾರದಿದ್ದರೆ ಕೊನೆಯ ಅಂಕಿಯನ್ನು ಅಳಿಸಿ ಮತ್ತೆ ಬರೆದು ನೋಡಿ. ತಾಣ ಉತ್ತರವನ್ನು ಪರೀಕ್ಷಿಸುವುದು ಸಾಮಾನ್ಯವಾಗಿ ಕೊನೆಯ ಮನೆ ತುಂಬಿದ ಕ್ಷಣದಲ್ಲೇ.